ಯಾವ ಆಚೆ?

ನಾಲ್ಕು ವಸಂತಗಳನ್ನು ನಾನು ಗ್ರೋನಿಂಗನ್ ಊರಿನ ಉತ್ತರಕ್ಕಿರುವ ಒಂದು ರಸ್ತೆಯ ಬದಿಯಲ್ಲಿ ನಿಂತು ಕಳೆದಿದ್ದೇನೆ. ಆ ರಸ್ತೆಯಲ್ಲಿ ನನಗೆ ಇಷ್ಟವಾದದ್ದು ಒಂದೂ ಇಲ್ಲ. ಹೋಗುವಾಗ ಗಾಳಿ ಮುಖಕ್ಕೆ ಬೀಸುತ್ತದೆ, ಬರುವಾಗಲೂ ಮುಖಕ್ಕೇ ಬೀಸುತ್ತದೆ. ಇದು ಹೇಗೆ ಸಾಧ್ಯ ಎಂದು ಇಲ್ಲಿನವರನ್ನು ಕೇಳಿದರೆ ಹೆಗಲು ಕುಣಿಸಿ ಸೈಕಲ್ ತುಳಿಯುತ್ತಾರೆ. ಎರಡೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಮೊದಲ ಸಲ ನೋಡಿದವರು ಎಷ್ಟು ಹಸಿರು ಎಂದು ಫೋಟೋ ತೆಗೆದು ಊರಿಗೆ ಕಳಿಸುತ್ತಾರೆ. ನಾನೂ ಕಳಿಸಿದ್ದೆ. ಆಮೇಲೆ ತಿಳಿಯಿತು, ಅದು ಹೆಚ್ಚುಕಡಿಮೆ ಒಂದೇ ಜಾತಿಯ ಹುಲ್ಲು, ಗೊಬ್ಬರ ಕುಡಿದು ಕೊಬ್ಬಿದ್ದು, ಮೇ ತಿಂಗಳಿಂದ ಶುರುವಾಗಿ ಮತ್ತೆ ಮತ್ತೆ ಕ್ಷೌರ ಮಾಡಿಸಿಕೊಳ್ಳುವಂಥದ್ದು. ಅದರಲ್ಲಿ ಹೂವಿಲ್ಲ, ಹುಳ ಕಡಿಮೆ, ಹಕ್ಕಿಮರಿಯ ಹೊಟ್ಟೆ ತುಂಬುವುದಿಲ್ಲ. ಆ ಫೋಟೋಗಳನ್ನು ಈಗ ನೋಡಿದರೆ ಸಿಟ್ಟು ಬರುತ್ತದೆ.

ಹಕ್ಕಿಗಳಿಗೆ ಉಳಿದಿರುವುದು ಅಂಚು. ಡಾಂಬರು ರಸ್ತೆ, ಅದರ ಪಕ್ಕ ಮೂರು ನಾಲ್ಕು ಹೆಜ್ಜೆ ಅಗಲದ ಹುಲ್ಲಿನ ಪಟ್ಟಿ, ಪಟ್ಟಿಯ ಪಕ್ಕ ನೀರು ನಿಂತ ಸಣ್ಣ ಕಾಲುವೆ, ಕಾಲುವೆ ದಾಟಿದರೆ ರೈತನ ಹುಲ್ಲುಗಾವಲು. ಇಷ್ಟೇ ಅಲ್ಲಿನ ಭೂಗೋಳ. ಓದುವವರು ಇದನ್ನು ಇದೇ ಕ್ರಮದಲ್ಲಿ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಆದ ಅನಾಹುತವೆಲ್ಲ ಈ ನಾಲ್ಕು ಸಾಲಿನೊಳಗೇ ಆಯಿತು. ಆ ರಸ್ತೆಬದಿಯ ಪಟ್ಟಿಗೆ ಡಚ್ಚರು ಬರ್ಮ್ ಅನ್ನುತ್ತಾರೆ. ನನ್ನ ಪಿಎಚ್‌ಡಿ ಅದರ ಮೇಲೆ. ಏನು ಓದುತ್ತಿದ್ದೀ ಎಂದು ಗದಗಿನ ನಮ್ಮ ಓಣಿಯವರು ಕೇಳಿದಾಗ ರಸ್ತೆ ದಂಡೆಯ ಹುಲ್ಲಿನಲ್ಲಿ ಹಕ್ಕಿಗಳು ಏನು ಮಾಡುತ್ತವೆ ಎಂದು ಓದುತ್ತಿದ್ದೇನೆ ಎಂದೆ. ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದರು.

ಆದರೆ ಅವು ಅಲ್ಲಿ ಬಹಳಷ್ಟನ್ನು ಮಾಡುತ್ತವೆ. ಗೊಬ್ಬರ ಬೀಳದ ಆ ಪಟ್ಟಿಯಲ್ಲಿ ಹತ್ತಾರು ಬಗೆಯ ಕಾಡುಹೂ ಬರುತ್ತವೆ, ಹೂವಿಗೆ ಹುಳ, ಹುಳಕ್ಕೆ ಹಕ್ಕಿ. ಹೊಲದಲ್ಲಿ ಹುಲ್ಲು ಕತ್ತರಿಸಿದ ದಿನ, ಮನೆ ಕೆಡವಿಸಿಕೊಂಡವರ ಹಾಗೆ ಟಿಟ್ಟಿಭಗಳು ಮರಿಗಳನ್ನು ಕರೆದುಕೊಂಡು ಕಾಲುವೆಯ ಏರಿಗೆ ಬರುತ್ತವೆ. ಹಳದಿ ಸಿಪಿಲೆ ಡಾಂಬರಿನ ಮೇಲೆ ಬಂದು, ಕಾರಿಗೆ ಬಡಿದು ಸತ್ತ ನೊಣಗಳನ್ನು ಹೆಕ್ಕುತ್ತದೆ. ಕಾಲುವೆಯ ಜೊಂಡಿನಲ್ಲಿ ಸಣ್ಣ ಹಾಡುಹಕ್ಕಿಗಳು ಗೂಡು ಕಟ್ಟುತ್ತವೆ. ಬೇಲಿಯ ಕಂಬದ ಮೇಲೆ ಕೆಂಪುಕಾಲಿನ ಗೊರವ ನಿಂತು ಲೋಕಕ್ಕೆಲ್ಲ ಬೈಯುತ್ತದೆ. ಈ ಗೊರವದ ನೆಂಟರು ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೂ ಬರುತ್ತಾರೆ. ಡಚ್ಚರು ಅದರ ಕೂಗನ್ನೇ ಹೆಸರು ಮಾಡಿ ಟ್ಯೂರೆಲ್ಯೂರ್ ಎಂದು ಕರೆಯುತ್ತಾರೆ. ತಲೆಕೆಟ್ಟು ಹೋಯಿತು ಅನ್ನುವುದಕ್ಕೂ ಅವರಲ್ಲಿ ಅದೇ ಮಾತು, ಟ್ಯೂರೆಲ್ಯೂರ್ಸ್ ಆದೆ ಅನ್ನುತ್ತಾರೆ. ಆ ರಸ್ತೆಯಲ್ಲಿ ನನ್ನ ಸ್ವಭಾವಕ್ಕೆ ಹತ್ತಿರವಾದ ಹಕ್ಕಿ ಅದೊಂದೇ.

ಎಣಿಕೆಯನ್ನು ನಾನು ಬರೆದುಕೊಳ್ಳುವುದಿಲ್ಲ. ಏಪ್ರಿಲ್‌ನಲ್ಲಿ ಕೈಬೆರಳು ಮರಗಟ್ಟುತ್ತವೆ, ಪೆನ್ನು ನಿಲ್ಲುವುದಿಲ್ಲ. ಫೋನಿಗೆ ಹೇಳುತ್ತೇನೆ, ನಮ್ಮ ಮನೆಯ ಕನ್ನಡದಲ್ಲೇ: ಕಂಬದ ಮ್ಯಾಲೆ ಒಂದು, ದಂಡಿಗೆ ಎರಡು, ಹೊಲದಾಗ ಏನೂ ಇಲ್ಲ. ಮಧ್ಯಾಹ್ನ ವಿಶ್ವವಿದ್ಯಾಲಯದ ಕೋಣೆಯಲ್ಲಿ ಕುಳಿತು ಅದನ್ನು ಕೇಳಿ ಕಾಲಂಗಳಿಗೆ ತುಂಬುತ್ತೇನೆ. ಕಾಲಂಗಳೂ ನಾಲ್ಕೇ, ರಸ್ತೆ, ಬರ್ಮ್, ಕಾಲುವೆ, ಹೊಲ.

ಎರಡನೆಯ ವಸಂತಕ್ಕೆ ನನ್ನ ಜೊತೆ ಕೆಲಸ ಮಾಡಲು ಒಬ್ಬ ಬಂದ. ಮೈಸೂರಿನವನು, ನನಗಿಂತ ಎರಡು ವರ್ಷ ದೊಡ್ಡವನು, ಪಿಎಚ್‌ಡಿ ಮುಗಿಸಿಕೊಂಡು ಬಂದಿದ್ದವನು. ಮಾತಿನಲ್ಲಿ ನಾವಿಬ್ಬರೂ ನೀವು ತಾವು ಎಂದೇ ಇದ್ದೆವು. ಬರೆಯುವಾಗ ಮಾತ್ರ ಅವನು ಎನ್ನುತ್ತೇನೆ. ಬಹುವಚನ ಕೊಡುವಷ್ಟು ಅಕ್ಕರೆ ನನ್ನಲ್ಲಿ ಇಲ್ಲ. ನಮ್ಮ ಗೈಡ್ ಡಚ್ ಹೆಂಗಸು, ಒಳ್ಳೆಯವರು. ಇಬ್ಬರದೂ ಒಂದೇ ಭಾಷೆ, ಕೆಲಸ ಸಲೀಸಾಗುತ್ತದೆ ಎಂದು ಖುಷಿಪಟ್ಟು ನಮ್ಮನ್ನು ಜೋಡಿ ಮಾಡಿದರು. ಗದಗಿಗೂ ಮೈಸೂರಿಗೂ ನಡುವೆ ಏನೇನಿದೆ ಎಂದು ಅವರಿಗೆ ಯಾರು ಹೇಳಬೇಕು.

ಮೊದಲ ದಿನವೇ ಅವನು ನನ್ನ ಮಾತು ಕೇಳಿ, "ಅಯ್ಯೋ ಎಷ್ಟು ಮುದ್ದಾಗಿದೆ ಮೇಡಂ ನಿಮ್ ಕನ್ನಡ, ಇನ್ನೊಂದ್ಸಲ ಹೇಳಿ" ಎಂದ. ನಾನು ಹೇಳುತ್ತಿದ್ದದ್ದು ದೂರದರ್ಶಕದ ಕಾಲು ಮುರಿದಿದೆ ಎಂದು. ಅದರಲ್ಲಿ ಮುದ್ದು ಏನಿತ್ತೋ. ನಾನು ಇನ್ನೊಂದು ಸಲ ಹೇಳಲಿಲ್ಲ.

ಎರಡನೆಯ ವಾರ ಸೈಕಲ್ಲಿನ ಪ್ರಸಂಗ ಆಯಿತು. ನಾನು ಅವನ ಸೈಕಲ್ ಎರವಲು ಕೇಳಿದ್ದೆ. ಅವನು ಫೋನಿನಲ್ಲಿ, "ಆಚೆ ನಿಲ್ಸಿದೀನಿ, ತಗೊಳ್ಳಿ" ಎಂದ. ನಮ್ಮ ಕಟ್ಟಡದ ಮುಂದೆ ದೊಡ್ಡ ಕಾಲುವೆ ಇದೆ. ನಮ್ಮ ಕಡೆ ಆಚೆ ಅಂದರೆ ಆಚೆ ದಡ, ಆಚೆ ಓಣಿ, ಅಂದರೆ ನಡುವೆ ಏನೋ ಒಂದನ್ನು ದಾಟಿದ ಮೇಲಿನ ಜಾಗ. ನಾನು ಸೇತುವೆ ದಾಟಿ, ಆಚೆ ದಡದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳನ್ನೆಲ್ಲ ಅರ್ಧ ಗಂಟೆ ಮುಟ್ಟಿ ಮುಟ್ಟಿ ನೋಡಿದೆ. ಮೈಸೂರಿನವರಿಗೆ ಆಚೆ ಅಂದರೆ ಹೊರಗೆ. ಸೈಕಲ್ಲು ಬಾಗಿಲ ಹೊರಗೆ, ಮೂರು ಹೆಜ್ಜೆ ದೂರದಲ್ಲಿ ನಿಂತಿತ್ತು. ಈ ಕಥೆಯನ್ನು ಅವನು ಕಾಫಿ ಯಂತ್ರದ ಬಳಿ ಸಿಕ್ಕವರಿಗೆಲ್ಲ ಇಂಗ್ಲಿಷಿಗೆ ಅನುವಾದಿಸಿ ಹೇಳಿದ. ಗೈಡಿಗೆ ಹೇಳಿದ. ಲೈಡನ್‌ನಿಂದ ಭಾಷಣಕ್ಕೆ ಬಂದ ಅತಿಥಿಗೂ ಹೇಳಿದ. ಪ್ರತಿ ಸಲವೂ ಸೇತುವೆ ಉದ್ದವಾಗುತ್ತಿತ್ತು.

ಅಂದಿನಿಂದ ನಾನು ಅವನೊಡನೆ ಇಂಗ್ಲಿಷಿನಲ್ಲೇ ಮಾತಾಡಿದೆ. ಅವನು ಎರಡು ದಿನ ಕನ್ನಡದಲ್ಲಿ ಕೆದಕಿ ನೋಡಿದ, ಆಮೇಲೆ ಅವನೂ ಇಂಗ್ಲಿಷಿಗೆ ಬಂದ. ಪರದೇಶದ ಬಯಲಿನಲ್ಲಿ ಇಬ್ಬರು ಕನ್ನಡಿಗರು ಕೆಟ್ಟ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದೆವು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಜಗಳಕ್ಕೆ ಮುಖ್ಯ ಕಾರಣ ಕನ್ನಡವಲ್ಲ, ಹಕ್ಕಿ. ರಸ್ತೆಬದಿಯೇ ಈ ಹಕ್ಕಿಗಳಿಗೆ ಉಳಿದಿರುವ ಕೊನೆಯ ಆಸರೆ, ಅದನ್ನು ಉಳಿಸಬೇಕು ಎನ್ನುವುದು ನನ್ನ ವಾದ. ಅದು ಆಸರೆಯಲ್ಲ, ಬಲೆ ಎನ್ನುವುದು ಅವನ ವಾದ. ಹುಳದ ಆಸೆಗೆ ಬರುವ ಮರಿಗಳು ಕಾರಿಗೆ ಸಿಗುತ್ತವೆ, ಬೆಕ್ಕಿಗೆ ಸಿಗುತ್ತವೆ, ಕಿಲೋಮೀಟರ್ ಕಂಬದ ಮೇಲೆ ಕೂತ ಚಾಣ ಅವುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತದೆ ಎನ್ನುತ್ತಿದ್ದ. ಸತ್ತ ಮರಿ ಸಿಕ್ಕಾಗಲೆಲ್ಲ ಅದನ್ನು ಚೀಲಕ್ಕೆ ಹಾಕಿ ನನಗೆ ತೋರಿಸುತ್ತಿದ್ದ. ನಾನು ಬದುಕಿದ ಮರಿಗಳ ಲೆಕ್ಕ ಹೇಳುತ್ತಿದ್ದೆ. "ಬದುಕಿದ್ದು ನಾಳೆ ಬದುಕಿರುತ್ತಾ?" ಎಂದು ಕೇಳುತ್ತಿದ್ದ. ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಅದಕ್ಕೇ ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ, ಆ ಹೊಲದ ರೈತ ಕೆಟ್ಟವನು ಎಂದು. ಅರವತ್ತು ದಾಟಿದ, ಎತ್ತರದ, ಕೆಂಪು ಮುಖದ ಮನುಷ್ಯ. ಸರ್ಕಾರದ ಹೊಸ ನಿಯಮಗಳ ಮೇಲಿನ ಸಿಟ್ಟಿಗೆ ಗೇಟಿನ ಬಳಿ ದೇಶದ ಬಾವುಟವನ್ನು ತಲೆಕೆಳಗಾಗಿ ಕಟ್ಟಿದ್ದ. ವಿಶ್ವವಿದ್ಯಾಲಯದವರೆಂದರೆ ಅವನ ಪಾಲಿಗೆ ಸರ್ಕಾರವೇ. ನಾವು ದುರ್ಬೀನು ಎತ್ತಿದರೆ ಸಾಕು, ಟ್ರ್ಯಾಕ್ಟರ್ ನಿಲ್ಲಿಸಿ ನೋಡುತ್ತಾ ಕೂರುತ್ತಿದ್ದ. ರಸ್ತೆಬದಿಯ ಪಟ್ಟಿಯನ್ನು ಬೇಗ ಕತ್ತರಿಸಬೇಕು ಎನ್ನುವುದು ಅವನ ಹಟ, ಯಾಕೆಂದರೆ ಅದರಲ್ಲಿ ಹಳದಿ ಹೂವಿನ ಒಂದು ಕಳೆ ಬರುತ್ತದೆ, ಅದು ಅವನ ಮೇವಿನಲ್ಲಿ ಸೇರಿದರೆ ದನಕ್ಕೆ ವಿಷ. "ನಿಮ್ಮಿಂದ ನಾನು ಟ್ಯೂರೆಲ್ಯೂರ್ಸ್ ಆಗುತ್ತೇನೆ" ಎಂದು ಒಮ್ಮೆ ನನ್ನ ಮುಖಕ್ಕೇ ಹೇಳಿದ. ನಾನೂ ಅಷ್ಟೇ ಎಂದೆ. ಇಲ್ಲಿ ಗೂಡಿನ ಗುರುತಿಗೆ ಪಕ್ಕದಲ್ಲಿ ಬಿದಿರು ಕೋಲು ನೆಡುತ್ತಾರೆ. ಮೂರನೆಯ ವಸಂತದ ಏಪ್ರಿಲ್‌ನಲ್ಲಿ ರಸ್ತೆಬದಿಯ ಒಂದು ಟಿಟ್ಟಿಭದ ಗೂಡಿಗೆ ನಾವು ನೆಟ್ಟ ಕೋಲು ಮಾಯವಾಯಿತು. ಕೇಳಿದರೆ, ಹೌದು, ನಾನೇ ಕಿತ್ತೆ ಎಂದ. ಕೋಲಿನ ಮೇಲೆ ಕಾಗೆ ಕೂರುತ್ತದೆ, ಕೂತು ಕೆಳಗೆ ನೋಡುತ್ತದೆ, ಇಷ್ಟೂ ಗೊತ್ತಿಲ್ಲದೆ ಡಾಕ್ಟರ್ ಆಗಲು ಬಂದಿದ್ದೀರಾ ಎಂದ. ನಾವು ನಂಬಲಿಲ್ಲ. ಇವನಿಗೆ ಇನ್ನು ಯಾವ ಗೂಡಿನ ಸುಳಿವೂ ಕೊಡಬಾರದು ಎಂದು ಇಬ್ಬರೂ ಮಾತಾಡಿಕೊಂಡೆವು. ನಮ್ಮಿಬ್ಬರ ನಡುವೆ ಆದ ಒಪ್ಪಂದ ಅದೊಂದೇ.

ಅದೇ ವರ್ಷ ಮೇ ತಿಂಗಳ ಕೊನೆಯಲ್ಲಿ ಗೇಟಿನಿಂದ ಸ್ವಲ್ಪ ದೂರದ ಕಂಬದ ಮೇಲೆ ಒಂದು ಜೋಡಿ ಗೊರವ ಬಿಡದೆ ಕೂಗತೊಡಗಿದವು. ಗೂಡು ಇದೆ ಎಂದು ಆ ಕೂಗಿನಲ್ಲೇ ಗೊತ್ತಾಗುತ್ತಿತ್ತು. ಎಲ್ಲಿದೆ ಎಂದು ಗೊತ್ತಾಗುವುದೇ ಕಷ್ಟ. ಗೊರವ ಹುಲ್ಲಿನ ಬುಡದಲ್ಲಿ ಮೊಟ್ಟೆಯಿಟ್ಟು, ಸುತ್ತಲಿನ ಹುಲ್ಲಿನ ಎಸಳನ್ನು ಕೊಕ್ಕಿನಿಂದ ಎಳೆದು ತಲೆಯ ಮೇಲೆ ಚಪ್ಪರ ಮಾಡಿಕೊಳ್ಳುತ್ತದೆ. ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ನಾನು ಬರ್ಮಿನಲ್ಲಿದೆ ಎಂದೆ. ಅವನು ಹೊಲದಲ್ಲಿದೆ ಎಂದ. ಆ ವರ್ಷ ಟಿಟ್ಟಿಭದ ಗೂಡು ಕೋಲು ಹೋದ ಮೇಲೆ ಹಾಳಾಗಿತ್ತು. ರಸ್ತೆಬದಿಯಲ್ಲಿ ಬೇರೆ ಒಂದು ಗೂಡೂ ಉಳಿದಿರಲಿಲ್ಲ. ಇದು ಬರ್ಮಿನಲ್ಲಿದ್ದು ಮರಿಯಾದರೆ ನನ್ನ ಮೂರು ವರ್ಷಕ್ಕೆ ಒಂದು ಅರ್ಥ ಬರುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ವಿಜ್ಞಾನದಲ್ಲಿ ಒಂದು ಗೂಡಿಗೆ ಯಾವ ಬೆಲೆಯೂ ಇಲ್ಲ ಎಂದು ಗೊತ್ತಿತ್ತು. ಆದರೂ ರಾತ್ರಿ ಮಲಗುವಾಗ ಅದೇ ತಲೆಯಲ್ಲಿರುತ್ತಿತ್ತು.

ಆ ವಾರ ರಸ್ತೆಬದಿಯ ಹುಲ್ಲು ಕತ್ತರಿಸುವ ಗುತ್ತಿಗೆಯವರು ಬರುವವರಿದ್ದರು. ಉದ್ದ ತೋಳಿನ ತುದಿಗೆ ಕತ್ತರಿಸುವ ಡಬ್ಬಿ ಕಟ್ಟಿದ ಟ್ರ್ಯಾಕ್ಟರ್ ಅದು. ಹುಲ್ಲನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಗೈಡ್ ಗುತ್ತಿಗೆಯವರೊಡನೆ ಮಾತಾಡಿ ಒಪ್ಪಿಸಿದ್ದರು. ಗೂಡು ಬರ್ಮಿನಲ್ಲಿದ್ದರೆ ಅದರ ಸುತ್ತ ಇಪ್ಪತ್ತು ಹೆಜ್ಜೆ ಬಿಟ್ಟು ಕತ್ತರಿಸುತ್ತಾರೆ. ಹೊಲದಲ್ಲಿದ್ದರೆ ಏನೂ ಬಿಡುವುದಿಲ್ಲ, ಬರ್ಮನ್ನೆಲ್ಲ ಕತ್ತರಿಸುತ್ತಾರೆ. ಎಲ್ಲಿದೆ ಎಂದು ಹೇಳುವುದಷ್ಟೇ ನಮ್ಮ ಕೆಲಸ.

ಟ್ರ್ಯಾಕ್ಟರ್ ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬಂತು. ಬೆಳಿಗ್ಗೆ ಹತ್ತು ಗಂಟೆ. ನಾನು ರಸ್ತೆಯ ಮೇಲೆ, ಟ್ರ್ಯಾಕ್ಟರಿನ ಮುಂದೆ, ಕೈ ಅಡ್ಡ ಹಿಡಿದು ನಿಂತಿದ್ದೆ. ಅವನು ಆ ಹೊತ್ತಿಗೆ ಗೇಟಿನ ಮೂಲಕ ಹೊಲಕ್ಕೆ ಹೋಗಿ, ಗೇಟಿನ ಹತ್ತಿರವೇ ದೂರದರ್ಶಕ ಇಟ್ಟುಕೊಂಡು ಕಾಯುತ್ತಿದ್ದ. ನಮ್ಮಿಬ್ಬರ ನಡುವೆ ಕೂಗಿದರೆ ಕೇಳದಷ್ಟು ದೂರ. ರೈತ ಎಲ್ಲಿಂದಲೋ ಬಂದು ಅವನ ಪಕ್ಕದಲ್ಲಿ ನಿಂತದ್ದು ನನಗೆ ಕಂಡಿತು. ಕಂಡು ಬೆನ್ನು ತಿರುಗಿಸಿ ನಿಂತೆ. ಆ ಇಬ್ಬರನ್ನೂ ಒಟ್ಟಿಗೆ ನೋಡುವಷ್ಟು ತಾಳ್ಮೆ ಆ ಬೆಳಿಗ್ಗೆ ನನಗಿರಲಿಲ್ಲ. ಟ್ರ್ಯಾಕ್ಟರಿನವನು ಎಂಜಿನ್ ಆರಿಸದೆ ಎರಡು ಸಲ ಕೈಗಡಿಯಾರ ನೋಡಿದ. ಹತ್ತು ನಿಮಿಷ ಕೊಡಿ ಎಂದು ಬೇಡಿಕೊಂಡೆ.

ಫೋನ್ ಬಂತು. ಒಂದು ವರ್ಷದಲ್ಲಿ ಮೊದಲ ಸಲ ಅವನು ಕನ್ನಡದಲ್ಲಿ ಮಾತಾಡಿದ. ಪಕ್ಕದಲ್ಲಿ ರೈತ ಇದ್ದನಲ್ಲ, ಅವನಿಗೆ ತಿಳಿಯಬಾರದು ಎಂದು.

"ಮೇಡಂ, ಸಿಕ್ತು. ಗೂಡು ಆಚೆ ಇದೆ. ಖುಷಿನಾ ಈಗ?"

ಫೋನ್ ಇಟ್ಟ.

ಖುಷಿನಾ ಈಗ ಎಂದು ಅವನು ಹೇಳಿದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ. ನನಗೆ ಅದು ಕೊಂಕಾಗಿ ಕೇಳಿಸಿತು. ನಾನು ರಸ್ತೆಯಲ್ಲಿದ್ದೆ, ನನ್ನ ಮುಂದೆ ಬರ್ಮ್, ಬರ್ಮಿನ ಮುಂದೆ ಕಾಲುವೆ, ಕಾಲುವೆಯ ಆಚೆ ಹೊಲ. ಗೂಡು ಆಚೆ. ಅಂದರೆ ಹೊಲದಲ್ಲಿ. ಅಂದರೆ ಅವನು ಗೆದ್ದ, ಗೆದ್ದು ನನ್ನ ಕನ್ನಡದಲ್ಲೇ ಹಂಗಿಸುತ್ತಿದ್ದಾನೆ.

ಅನುಮಾನ ಬರಲಿಲ್ಲ ಎಂದು ಹೇಳಲಾರೆ. ಅವನ ಬಾಯಲ್ಲಿ ಆಚೆ ಅಂದರೆ ಹೊರಗೆ ಎಂದು ನನಗೆ ಗೊತ್ತಿತ್ತು. ಅದು ಗೊತ್ತಾಗಲು ನಾನು ಒಂದು ಸೇತುವೆಯನ್ನೇ ದಾಟಿದ್ದೆ. ಹೊಲದ ಹೊರಗೆ ಎಂದರೆ ಬರ್ಮ್. ತಿರುಗಿ ಫೋನ್ ಮಾಡಿ ಎರಡೇ ಪದ ಕೇಳಿದ್ದರೆ ಸಾಕಿತ್ತು, ಯಾವ ಆಚೆ? ಹೆಬ್ಬೆರಳು ಅವನ ನಂಬರಿನ ಮೇಲೆ ಹೋಗಿತ್ತು ಕೂಡ. ಕೇಳಿದರೆ ಸೈಕಲ್ಲಿನ ಕಥೆಗೆ ಎರಡನೆಯ ಭಾಗ ಸಿಗುತ್ತದೆ, ಕಾಫಿ ಯಂತ್ರದ ಬಳಿ ಮತ್ತೆ ಎಲ್ಲರೂ ನಗುತ್ತಾರೆ ಎನಿಸಿತು. ನಾನು ಫೋನನ್ನು ಜೇಬಿಗೆ ಹಾಕಿದೆ. ಟ್ರ್ಯಾಕ್ಟರಿನವನಿಗೆ, ಗೂಡು ಹೊಲದಲ್ಲಿದೆಯಂತೆ, ನೀವು ಹೋಗಬಹುದು ಎಂದೆ.

ಟ್ರ್ಯಾಕ್ಟರ್ ನನ್ನನ್ನು ದಾಟಿ ಹೋಯಿತು. ನಾನು ಅದರ ಹಿಂದೆ ನಡೆದೆ. ಸ್ವಲ್ಪ ಹೊತ್ತಿನಲ್ಲಿ ಅವನು ಹೊಲದಲ್ಲಿ ಎರಡೂ ಕೈ ಎತ್ತಿ ಓಡಿಬರುತ್ತಿರುವುದು ಕಂಡಿತು. ರೈತ ಅಟ್ಟಿಸಿಕೊಂಡು ಬರುತ್ತಿದ್ದಾನೆ ಎಂದುಕೊಂಡೆ, ರೈತನೂ ಓಡುತ್ತಿದ್ದ. ಸತ್ಯ ಹೇಳಬೇಕೆಂದರೆ, ಅಟ್ಟಿಸಿಕೊಳ್ಳಲಿ ಎಂದೂ ಅನ್ನಿಸಿತು. ಅವನು ಕಾಲುವೆಯ ಬಳಿ ಬಂದವನು ನಿಲ್ಲದೆ ನೀರಿಗೇ ಇಳಿದ, ಸೊಂಟದವರೆಗೂ ಕೆಸರು. ಏನೋ ಕೂಗುತ್ತಿದ್ದ. ಯಂತ್ರದ ಸದ್ದಿನಲ್ಲಿ ಒಂದೂ ಕೇಳಲಿಲ್ಲ. ರೈತ ನಿಂತು, ಎರಡು ಬೆರಳು ಬಾಯಿಗಿಟ್ಟು ಒಂದು ಸಿಳ್ಳೆ ಹಾಕಿದ. ಅಂಥ ಸಿಳ್ಳೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಟ್ರ್ಯಾಕ್ಟರ್ ನಿಂತಿತು. ಅದು ನಿಂತ ಜಾಗಕ್ಕಿಂತ ನಾಲ್ಕು ಹೆಜ್ಜೆ ಹಿಂದೆ, ಜಜ್ಜಿದ ಹುಲ್ಲಿನಿಂದ ಒಂದು ಗೊರವ ಒದ್ದೆ ಬಟ್ಟೆಯ ಹಾಗೆ ಮೇಲೆದ್ದು, ಡಾಂಬರಿನ ಮೇಲೆ ಸ್ವಲ್ಪ ದೂರ ತೆವಳಿ, ಹಾರಿತು.

ಮೊಟ್ಟೆ ನಾಲ್ಕಿತ್ತು. ಒಂದು ಇಡಿಯಾಗಿ ಉಳಿದಿತ್ತು, ಆದರೆ ಬಿರುಕು ಬಿಟ್ಟಿತ್ತು. ಒಡೆದ ಮೂರರಲ್ಲಿ ಮರಿಗಳಿಗೆ ಆಗಲೇ ಕೊಕ್ಕು ಬಂದಿತ್ತು. ಇನ್ನು ನಾಲ್ಕೈದು ದಿನ ಸಾಕಿತ್ತು.

ರೈತ ಗೇಟಿನಿಂದ ಸುತ್ತಿ ರಸ್ತೆಗೆ ಬಂದ. ಮೊದಲು ಗೂಡು ನೋಡಿದ, ಆಮೇಲೆ ನನ್ನನ್ನು.

"ಇವನು ನಿಮಗೆ ಏನು ಹೇಳಿದ?" ಎಂದು ಕೇಳಿದ.

ಹೊಲದಲ್ಲಿದೆ ಎಂದ, ಎಂದೆ.

"ಸುಳ್ಳು. ನಾನು ಪಕ್ಕದಲ್ಲೇ ಇದ್ದೆ. ಫೋನಿನಲ್ಲಿ ಮಾತಾಡುತ್ತಾ ರಸ್ತೆಯ ಕಡೆ ಕೈ ತೋರಿಸಿದ. ನನಗೆ ತಿಳಿಯದ ಭಾಷೆಯಲ್ಲಿ ಹೇಳಿದ. ನನಗೆ ತಿಳಿಯಿತು. ನಿಮಗೆ ತಿಳಿಯಲಿಲ್ಲ."

ರೈತನಿಗೆ ಕರುಣೆ ಬಂದಿತ್ತು ಎಂದು ಯಾರೂ ತಿಳಿಯಬಾರದು. ಆ ಮುಖದಲ್ಲಿ ಇದ್ದದ್ದು ಬರೀ ತಿರಸ್ಕಾರ. ಬಗ್ಗಿ, ಬಿರುಕು ಬಿಟ್ಟ ಮೊಟ್ಟೆಯನ್ನು ಎತ್ತಿ ಕಿವಿಗೆ ಹಿಡಿದು ಕೇಳಿ, ಅಲ್ಲೇ ಇಟ್ಟ. ಹೋಗುವಾಗ, ಈಗ ನಿಮ್ಮ ಕೋಲು ನೆಡಿ ಎಂದ. ಮರುವಾರ ಅವನ ಹೊಲದ ಹುಲ್ಲು ಕತ್ತರಿಸಿದಾಗ ನೋಡಿದೆ, ನಡುವೆ ಎರಡು ಕಡೆ ಕೋಣೆಯಷ್ಟು ಜಾಗ ಕತ್ತರಿಸದೆ ಬಿಟ್ಟಿದ್ದ. ಒಂದರ ಪಕ್ಕದಲ್ಲೂ ಕೋಲು ಇರಲಿಲ್ಲ. ಅದನ್ನು ನೋಡಿದ ಮೇಲೆ ಅವನನ್ನು ಕಂಡರೆ ಇನ್ನೂ ಆಗದಂತಾಯಿತು.

ಆ ಬೆಳಿಗ್ಗೆ ರೈತ ಹೋದ ಮೇಲೆ ಮೈಸೂರಿನವನೂ ನಾನೂ ಅಲ್ಲೇ ರಸ್ತೆಯ ಮೇಲೆ ಜಗಳವಾಡಿದೆವು. ಅವನು ಕೆಸರು ಮೆತ್ತಿಕೊಂಡು ನಡುಗುತ್ತಿದ್ದ. ಈ ಸಲ ಕನ್ನಡದಲ್ಲೇ.

"ಆಚೆ ಅಂದೆನಲ್ಲ ಮೇಡಂ, ಎಷ್ಟು ಕ್ಲಿಯರ್ ಆಗಿ ಹೇಳ್ದೆ. ಯಾಕ್ ಬಿಟ್ರಿ ಟ್ರ್ಯಾಕ್ಟರ್‌ನ?"

"ಆಚೆ ಅಂದ್ರ ಆಚಿ ಕಡಿ ಅಲ್ಲೇನ್ರಿ? ಕಾಲಿವಿ ಆಚಿ ಕಡಿ, ಹೊಲದಾಗ. ಹೊರಗ ಅನ್ನಾಕ ಬಾಯಿ ನೋಯ್ತಿತ್ತೇನ್ ನಿಮಗ?"

"ನಾನು ಹೊರಗೆ ಅನ್ನೋ ಅರ್ಥದಲ್ಲಿ..." ಎಂದವನು ಅಷ್ಟಕ್ಕೇ ನಿಲ್ಲಿಸಿದ. ತಾನು ನಿಂತಿದ್ದ ಗೇಟಿನ ಕಡೆ ಒಮ್ಮೆ ನೋಡಿದ, ನನ್ನ ಕಾಲ ಬಳಿಯ ಗೂಡನ್ನು ನೋಡಿದ.

"ಹೇಳ್ರಿ," ಎಂದೆ. "ಯಾಕ ನಿಂತ್ರಿ, ಹೇಳ್ರಿ."

"ಬಿಡಿ ಮೇಡಂ," ಎಂದ.

ಕಂಬದ ಮೇಲೆ ಎರಡೂ ಗೊರವ ಕೂಗುತ್ತಿದ್ದವು. ಸಂಜೆಯವರೆಗೂ ಕೂಗಿದವಂತೆ, ನಾನು ಅಷ್ಟು ಹೊತ್ತು ಇರಲಿಲ್ಲ.

ಗೂಡಿನ ದಾಖಲೆ ಹಾಳೆಯಲ್ಲಿ ಹಾಳಾದ ಕಾರಣ ಎಂದು ಒಂದು ಕಾಲಂ ಇರುತ್ತದೆ. ಸೋಮವಾರದ ಸಭೆಯಲ್ಲಿ ಗೈಡ್ ಅದರ ಮೇಲೆ ಪೆನ್ಸಿಲ್ ಇಟ್ಟು, ಗೂಡು ಸಿಕ್ಕಿತ್ತು, ಟ್ರ್ಯಾಕ್ಟರ್ ನಿಂತಿತ್ತು, ಆಮೇಲೆ ಹೇಗಾಯಿತು ಎಂದು ಕೇಳಿದರು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ, ಎರಡು ಸೀಮೆಯ ಕನ್ನಡ, ಒಂದೇ ಪದ, ಎರಡು ಅರ್ಥ. ಅಷ್ಟರಲ್ಲಿ ಅವನು, "ತಪ್ಪು ನನ್ನದು. ನಾನು ಸರಿಯಾಗಿ ಹೇಳಲಿಲ್ಲ" ಎಂದ. ಗೈಡ್ ನನ್ನ ಕಡೆ ನೋಡಿದರು. ಅವನು ದೊಡ್ಡತನ ತೋರಿಸುತ್ತಿದ್ದಾನೆ ಎಂದು ಅದಕ್ಕೂ ಸಿಟ್ಟು ಬಂತು.

ಆಮೇಲಿನ ತಿಂಗಳುಗಳಲ್ಲಿ ನಾನು ಅವನ ಹಾಗೆಯೇ ಆದೆ, ಕಥೆ ಹೇಳುವವಳಾದೆ. ಆಮ್ಸ್ಟೆಲ್‌ವೀನ್‌ನಲ್ಲಿ ಪರಿಚಯದ ಒಂದು ಸಂಸಾರ ದೀಪಾವಳಿಗೆ ಊಟಕ್ಕೆ ಕರೆದಿತ್ತು. ಹತ್ತು ಹನ್ನೆರಡು ಜನ ಕನ್ನಡದವರಿದ್ದರು, ಅರ್ಧ ಬೆಂಗಳೂರು ಮೈಸೂರಿನವರು, ಅರ್ಧ ನಮ್ಮ ಕಡೆಯವರು. ಒಂದು ಪದದಿಂದ ನಾಲ್ಕು ಮೊಟ್ಟೆ ಹೋದದ್ದನ್ನು ಹೇಳಿದೆ. ಎಲ್ಲರೂ ಅಯ್ಯೋ ಎಂದರು, ಆಮೇಲೆ ನಕ್ಕರು. ಆಚೆ ಅಂದರೆ ಏನು ಎಂದು ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಎರಡು ಪಂಗಡವಾಗಿ ವಾದಿಸಿದರು. "ಆಚೆ ಅಂದ್ರೆ ಔಟ್‌ಸೈಡ್ ಕಣ್ರೀ, ಇದರಲ್ಲಿ ಡೌಟ್ ಏನಿದೆ" ಎಂದು ಆ ಮನೆಯಾಕೆ ಹೇಳಿದರೆ, ಹುಬ್ಬಳ್ಳಿಯ ಒಬ್ಬರು ನನ್ನ ಪರ ನಿಂತು ಅವರ ಬಾಯಿ ಮುಚ್ಚಿಸಿದರು. ಮಕ್ಕಳು ಡಚ್ಚಿನಲ್ಲಿ ಇವರೆಲ್ಲ ಯಾಕೆ ಕಿರುಚುತ್ತಿದ್ದಾರೆ ಎಂದು ಕೇಳಿದವು. ಆಮೇಲೆ ಇನ್ನೂ ಮೂರು ನಾಲ್ಕು ಕಡೆ ಹೇಳಿದೆ. ಪ್ರತಿ ಸಲವೂ ಅವನ ಮಾತು ಸ್ವಲ್ಪ ಹೆಚ್ಚು ಕೊಂಕಾಗುತ್ತಿತ್ತು. ಹೆಬ್ಬೆರಳು ಅವನ ನಂಬರಿನ ಮೇಲೆ ಹೋಗಿದ್ದನ್ನು ಎಲ್ಲಿಯೂ ಹೇಳಲಿಲ್ಲ. ಅವನು ಮಾತ್ರ ಈ ಕಥೆಯನ್ನು ಯಾರಿಗೂ ಹೇಳಲಿಲ್ಲ. ಸೈಕಲ್ಲಿನ ಕಥೆಯನ್ನೂ ಹೇಳುವುದು ಬಿಟ್ಟ. ಚಳಿಗಾಲ ಮುಗಿಯುವ ಮೊದಲೇ ಲೈಡನ್‌ನಲ್ಲಿ ಬೇರೆ ಕೆಲಸ ಸಿಕ್ಕಿ ಹೋದ. ಹೋಗುವ ದಿನ ನಾನು ರಜೆ ಹಾಕಿದ್ದೆ.

ನಾಲ್ಕನೆಯ ವಸಂತದಲ್ಲಿ, ಹೊಲದ ಕಡೆಯಿಂದ ಅವನು ಮಾಡುತ್ತಿದ್ದ ಎಣಿಕೆಯೂ ನನ್ನ ತಲೆಗೇ ಬಂತು. ಒಂದು ದಿನ ರಸ್ತೆಯಿಂದ, ಒಂದು ದಿನ ಹೊಲದ ಕಡೆಯಿಂದ ಎಣಿಸಬೇಕು. ಏಪ್ರಿಲ್ ಮೊದಲ ವಾರ ಆ ತಲೆಕೆಳಗಾದ ಬಾವುಟದ ಗೇಟಿನ ಮೂಲಕ ಮೊದಲ ಸಲ ಒಳಗೆ ಹೋದೆ. ರೈತ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದ, ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ದೂರದರ್ಶಕದ ಮೂರು ಕಾಲು ಊರಿದ ಗುರುತು ನೆಲದಲ್ಲಿ ಎಲ್ಲೂ ಉಳಿದಿರಲಿಲ್ಲವಾದರೂ ಆವತ್ತು ಮೈಸೂರಿನವನು ಎಲ್ಲಿ ನಿಂತಿದ್ದ ಎಂದು ನನಗೆ ಅಂದಾಜಿತ್ತು. ಅಲ್ಲೇ ನಿಂತೆ. ಗಾಳಿ ಮುಖಕ್ಕೇ ಬೀಸುತ್ತಿತ್ತು. ಅರ್ಧ ಗಂಟೆ ಎಣಿಸಿ, ಫೋನಿಗೆ ಹೇಳಿ, ವಾಪಸ್ಸು ಬಂದೆ. ಅಲ್ಲಿ ನಿಂತಾಗ ನನಗೆ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಕೋಣೆಯಲ್ಲಿ ಕುಳಿತು, ಫೋನನ್ನು ಕಿವಿಗೆ ಹಚ್ಚಿಕೊಂಡು, ಕಾಲಂ ತುಂಬಲು ಶುರುಮಾಡಿದೆ. ಗಾಳಿಯ ಸದ್ದಿನ ನಡುವೆ ನನ್ನದೇ ದನಿ, ನಮ್ಮ ಮನೆಯ ಕನ್ನಡದಲ್ಲಿ:

"ಗೇಟಿನ್ ಹಂತ್ಯಾಕ ನಿಂತೇನಿ. ಹೊಲದಾಗ ಏನೂ ಇಲ್ಲ. ಆಚಿ ಕಡಿ ಒಂದು ಗೊರವ."

ಬೆರಳು ತಾನಾಗಿ ಬರ್ಮ್ ಎಂಬ ಕಾಲಂಗೆ ಹೋಗಿ ಒಂದು ಎಂದು ಒತ್ತಿತು. ಒತ್ತಿದ ಮೇಲೆ ನಿಂತಿತು. ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಿದೆ. ಹೊಲದಲ್ಲಿ ನಿಂತವರಿಗೆ ಕಾಲುವೆಯ ಆಚೆ ಇರುವುದು ರಸ್ತೆಬದಿಯೇ. ಮೈಸೂರಿನ ಕನ್ನಡದಲ್ಲೂ ಅಷ್ಟೇ, ಗದಗಿನ ಕನ್ನಡದಲ್ಲೂ ಅಷ್ಟೇ. ಆವತ್ತು ಎರಡು ಕನ್ನಡ ಇರಲೇ ಇಲ್ಲ. ನಾನು ನಿಂತ ಜಾಗ ಬಿಟ್ಟು ಬೇರೆ ಜಾಗವೂ ಇದೆ ಎಂದು ನನಗೆ ತೋಚಿರಲಿಲ್ಲ, ಅಷ್ಟೇ.

ಅವನು ಅದನ್ನು ಆವತ್ತೇ, ಕೆಸರು ಮೆತ್ತಿಕೊಂಡು ನಿಂತು ಗೇಟಿನ ಕಡೆ ತಿರುಗಿ ನೋಡಿದಾಗಲೇ, ತಿಳಿದುಕೊಂಡಿದ್ದ. ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚಿಹೋಗುತ್ತಿತ್ತು. ನಾನು ಹೇಳ್ರಿ ಹೇಳ್ರಿ ಎಂದು ಕೆಣಕಿದರೂ ಹೇಳಲಿಲ್ಲ. ಬಿಡಿ ಮೇಡಂ ಎಂದ.

ಅವನ ನಂಬರ್ ಇನ್ನೂ ಫೋನಿನಲ್ಲಿದೆ. ಅದರ ಮೇಲೆ ಹೆಬ್ಬೆರಳು ಇಟ್ಟಿದ್ದೇನೆ, ತೆಗೆದಿದ್ದೇನೆ. ಮೊನ್ನೆ ಆಮ್ಸ್ಟೆಲ್‌ವೀನ್‌ನವರು ಮತ್ತೆ ಊಟಕ್ಕೆ ಕರೆದರು, ಹೊಸಬರು ಬರುತ್ತಾರೆ, ಆ ಆಚೆ ಕಥೆ ನೀವೇ ಹೇಳಬೇಕು ಎಂದರು. ಎಣಿಕೆ ಇದೆ, ಬರಲಾಗುವುದಿಲ್ಲ ಎಂದೆ. ಆ ದಿನ ಎಣಿಕೆ ಇರಲಿಲ್ಲ.